ಕಾರ್ಖಾನೆಯ ಮಾಳಿಗೆಗೆ ಬಂದ ಬೆಲೆ

(ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ನನಗೆ ಗೊತ್ತುಮಾಡಿಕೊಟ್ಟಿರುವ ವಿಷಯ ಪಟ್ಟಣದ ಬಾಡಿಗೆ ಮನೆ. ಅದಕ್ಕೆ ಉದಾಹರಣೆಯಾಗಿ ನಾನು ಆರಿಸಿಕೊಂಡಿರುವುದು ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಬಡಾವಣೆಯನ್ನು. ಅಷ್ಟು ದೂರದ ಊರಿನ ಕಥೆ ನಮಗೇಕೆ ಎಂದು ಕೆಲವರು ಕೇಳಬಹುದು. ಒಂದು ಕಟ್ಟಡದ ಬಾಡಿಗೆ ಏಕೆ ಏರುತ್ತದೆ, ಏರಿದ ಹಣ ಯಾರ ಕೈಸೇರುತ್ತದೆ, ಬಾಡಿಗೆದಾರನನ್ನು ಕೊನೆಗೆ ಕಾಯುವುದು ಯಾವುದು, ಈ ಮೂರನ್ನೂ ಒಂದೇ ಕಡೆ ಇಷ್ಟು ಸ್ಪಷ್ಟವಾಗಿ ಕಾಣಿಸುವ ಸ್ಥಳ ಅಪರೂಪ. ಅದಕ್ಕಾಗಿ ಈ ಪಾಠ.

ಬಡಾವಣೆಯ ಹೆಸರು ಸೋಹೋ. ಮ್ಯಾನ್‌ಹಟನ್ ದ್ವೀಪದಲ್ಲಿ ಹೌಸ್ಟನ್ ಬೀದಿಯ ದಕ್ಷಿಣಕ್ಕಿದೆ. ಅಲ್ಲಿ ಸಿರಿವಂತರು ಬಾಡಿಗೆಗೆ ಹಿಡಿಯುವ ಮನೆಗಳಿಗೆ ಲಾಫ್ಟ್ ಎನ್ನುತ್ತಾರೆ. ಆ ಮಾತು ಕೇಳಿ ಸೌದೆ, ಹಳೆಯ ಪಾತ್ರೆ ಇಡುವ ನಮ್ಮ ಅಟ್ಟವನ್ನು ನೆನೆಯಬೇಡಿ. ಅಲ್ಲಿ ಲಾಫ್ಟ್ ಎಂದರೆ ಹಳೆಯ ಕಾರ್ಖಾನೆಯ ಅಥವಾ ಉಗ್ರಾಣದ ಒಂದು ಇಡೀ ಮಾಳಿಗೆ. ನಡುವೆ ಗೋಡೆಗಳಿಲ್ಲದ ದೊಡ್ಡ ಹಜಾರ.

ಇಂಥ ಮನೆಯ ಜಾಹೀರಾತಿನಲ್ಲಿ ಏನೇನು ಇರುತ್ತದೆ? ಎತ್ತರವಾದ ಚಾವಣಿ, ಆಳೆತ್ತರಕ್ಕೂ ಮಿಗಿಲಾದ ಕಿಟಕಿಗಳು, ಅಡ್ಡಗೋಡೆಯಿಲ್ಲದ ಹಜಾರ, ಎರಕದ ಕಬ್ಬಿಣದ ಕಂಬಗಳು, ಗಟ್ಟಿ ನೆಲ, ಸರಕು ಏರಿಸುವ ಲಿಫ್ಟು. ಇವೇ ಅದರ ಸೊಗಸು, ಇವಕ್ಕೇ ಬಾಡಿಗೆ. ಈಗ ಒಂದೊಂದನ್ನೂ ಯಾತಕ್ಕಾಗಿ ಕಟ್ಟಿದರೆಂದು ಕೇಳಿ ನೋಡೋಣ. ಈ ಕಟ್ಟಡಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವು. ವಿದ್ಯುದ್ದೀಪ ಇನ್ನೂ ಎಲ್ಲೆಡೆ ಹರಡಿರಲಿಲ್ಲ. ಹೊಲಿಯುವವಳ ಕಣ್ಣಿಗೆ ಬೆಳಕು ಬೇಕೆಂದು ದೊಡ್ಡ ಕಿಟಕಿ. ಯಂತ್ರಗಳನ್ನೂ ಮೇಜುಗಳನ್ನೂ ಸಾಲಾಗಿ ಹೂಡಲು ಗೋಡೆಯಿಲ್ಲದ ಹಜಾರ. ಆ ಭಾರ ಹೊರಲು ಗಟ್ಟಿ ನೆಲ. ದಪ್ಪ ಗೋಡೆಗಳು ಸ್ಥಳ ನುಂಗಬಾರದೆಂದು ಕಬ್ಬಿಣದ ತೆಳುವಾದ ಕಂಬ. ಬ್ರಾಡ್‌ವೇ ಮತ್ತು ಬ್ರೂಮ್ ಬೀದಿಗಳು ಕೂಡುವಲ್ಲಿ 1857ರಲ್ಲಿ ಕಟ್ಟಿದ ಹಾವಟ್ ಎಂಬವರ ಅಂಗಡಿಯ ಕಬ್ಬಿಣದ ಮುಖಮಂಟಪ ಇಂದಿಗೂ ನಿಂತಿದೆ. ಓಟಿಸ್ ಎಂಬಾತ ಜನರನ್ನು ಹೊತ್ತೊಯ್ಯುವ ಲಿಫ್ಟನ್ನು ಆ ವರ್ಷ ಹೂಡಿದ್ದು ಅಲ್ಲಿಯೇ.

ಅಂದಮೇಲೆ ಜಾಹೀರಾತಿನಲ್ಲಿ ಹೊಗಳಿದ ಒಂದೊಂದು ಸೊಗಸೂ ದುಡಿಮೆಗಾಗಿ ಆದದ್ದು. ಆ ದುಡಿಮೆ ಹೇಗಿತ್ತೆಂಬುದಕ್ಕೆ ಒಂದೇ ದಿನವನ್ನು ನೆನೆದರೆ ಸಾಕು. 1911ರ ಮಾರ್ಚ್ 25. ಸೋಹೋದಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಸಿಗುವ ಹತ್ತು ಅಂತಸ್ತಿನ ಒಂದು ಲಾಫ್ಟ್ ಕಟ್ಟಡ. ಮೇಲಿನ ಮೂರು ಮಾಳಿಗೆಗಳಲ್ಲಿ ಟ್ರಯಾಂಗಲ್ ಎಂಬ ರವಿಕೆ ಕಾರ್ಖಾನೆ. ಬೆಂಕಿ ಹತ್ತಿತು. ಹೊರಬರುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಮಂದಿ ಸತ್ತರು. ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದ ಮನೆತನಗಳ ಯಹೂದಿ, ಇಟಾಲಿಯನ್ ಹೆಣ್ಣುಮಕ್ಕಳು. ಮಾಲಿಕರ ಮೇಲೆ ನಡೆದ ಮೊಕದ್ದಮೆಯಲ್ಲಿ ಅವರು ಖುಲಾಸೆಯಾದರು. ಕಟ್ಟಡ ಉಳಿಯಿತು, ಇಂದು ಅದು ವಿಶ್ವವಿದ್ಯಾನಿಲಯದ ಸ್ವತ್ತು.

ಎರಡನೆಯ ಮಹಾಯುದ್ಧವಾದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಊರ ಹೊರಗೆ ಸಾಗತೊಡಗಿದವು. ಲಾರಿ ನಿಲ್ಲಲು ಜಾಗ, ಒಂದೇ ಅಂತಸ್ತಿನ ಅಗಲವಾದ ಕಟ್ಟಡ, ಅಗ್ಗದ ಭೂಮಿ ಅಲ್ಲಿದ್ದವು. ಸೋಹೋಗೆ ಬೆಂಕಿ ಅನಾಹುತಗಳ ನರಕ ಎಂಬ ಕೆಟ್ಟ ಹೆಸರಿತ್ತು. ಅದನ್ನು ಕೆಡವಿ ಹತ್ತು ಸಾಲಿನ ಹೆದ್ದಾರಿ ಹಾಯಿಸಬೇಕೆಂದು ನಗರದ ಬಲಾಢ್ಯ ಅಧಿಕಾರಿ ರಾಬರ್ಟ್ ಮೋಸೆಸ್ ಹಟ ಹಿಡಿದ. ಆಗ ನಗರವೇ ಚೆಸ್ಟರ್ ರ್‍ಯಾಪ್ಕಿನ್ ಎಂಬ ಪಂಡಿತನಿಂದ ವರದಿ ಬರೆಸಿತು. 1963ರ ಆ ವರದಿ ಹೇಳಿದ್ದೇನು? ಈ ಪ್ರದೇಶ ಸತ್ತಿಲ್ಲ, ಸಣ್ಣ ಕೈಗಾರಿಕೆಗಳು ಇನ್ನೂ ನಡೆಯುತ್ತಿವೆ, ಬೇರೆಡೆ ಸುಲಭವಾಗಿ ಕೆಲಸ ಸಿಕ್ಕದ ಕರಿಯರು, ಪೋರ್ಟೊರಿಕೋದ ಜನ, ಹೆಂಗಸರು ಇಲ್ಲಿ ದುಡಿಯುತ್ತಿದ್ದಾರೆ, ಆದುದರಿಂದ ಕೆಡವಬೇಡಿ. ಜೇನ್ ಜೇಕಬ್ಸ್ ಎಂಬ ಬರಹಗಾರ್ತಿಯೂ ನೆರೆಹೊರೆಯವರೂ ಹೆದ್ದಾರಿಯ ವಿರುದ್ಧ ಹೋರಾಡಿದರು. 1968ರಲ್ಲಿ ಆಕೆಯನ್ನು ಬಂಧಿಸಿದರು. 1969ರಲ್ಲಿ ಹೆದ್ದಾರಿಯ ಯೋಜನೆ ಬಿದ್ದುಹೋಯಿತು.

ಈ ನಡುವೆ ಖಾಲಿಬಿದ್ದ ಮಾಳಿಗೆಗಳಿಗೆ ಚಿತ್ರಕಾರರೂ ಶಿಲ್ಪಿಗಳೂ ಬಂದು ಸೇರಿಕೊಂಡಿದ್ದರು. ಬಾಡಿಗೆ ಅಗ್ಗ, ಬೆಳಕು ಧಾರಾಳ. ಆದರೆ ಕಾನೂನಿನ ಪ್ರಕಾರ ಅಲ್ಲಿ ವಾಸಮಾಡುವಂತಿರಲಿಲ್ಲ. ಎಷ್ಟೋ ಕಡೆ ಸ್ನಾನದ ಮನೆ ಇಲ್ಲ, ಅಡಿಗೆಯ ಒಲೆ ಇಲ್ಲ, ರಾತ್ರಿ ಕಾವು ಇಲ್ಲ. ಕೊಳಾಯಿ, ತಂತಿ, ಗೋಡೆ ಎಲ್ಲವನ್ನೂ ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡರು. ತನಿಖೆಯವರು ಬಂದರೆ ಹಾಸಿಗೆ ಮರೆಮಾಡಬೇಕು. ಹೊರಗೆ ಹಾಕುವ ಭಯ ಹೆಚ್ಚಿದಾಗ 1961ರಲ್ಲಿ ಅವರು ಸಂಘ ಕಟ್ಟಿಕೊಂಡು, ತಮ್ಮ ಕೃತಿಗಳನ್ನು ಪ್ರದರ್ಶನಗಳಿಗೆ ಕೊಡುವುದಿಲ್ಲ ಎಂದು ಮುಷ್ಕರದ ಬೆದರಿಕೆ ಹಾಕಿದರು. ಮೇಯರು ಮಣಿದ. ಯಾವ ಅಂತಸ್ತಿನಲ್ಲಿ ಜನ ವಾಸವಾಗಿದ್ದಾರೆಂದು ಬೆಂಕಿ ಆರಿಸುವವರಿಗೆ ತಿಳಿಯಲಿ ಎಂದು ಬಾಗಿಲಿಗೊಂದು ಫಲಕ ಹಾಕಿ ಇರಬಹುದೆಂದಾಯಿತು. 1971ರಲ್ಲಿ ನಗರ ತನ್ನ ನಿಯಮ ತಿದ್ದಿ, ಅರ್ಹತಾಪತ್ರ ಪಡೆದ ಕಲಾವಿದರು ಅಲ್ಲಿ ವಾಸಮಾಡಿ ಕೆಲಸಮಾಡಲು ಒಪ್ಪಿತು. 1973ರಲ್ಲಿ ಕಬ್ಬಿಣದ ಕಟ್ಟಡಗಳ ಈ ಪ್ರದೇಶವನ್ನು ಚಾರಿತ್ರಿಕ ಬಡಾವಣೆಯೆಂದು ಸಾರಿದರು.

ಬಡಾವಣೆಗೆ ಹೆಸರು ಬಂದ ಮೇಲೆ ಹಣವಂತರ ಕಣ್ಣು ಬಿತ್ತು. ಕಾರ್ಖಾನೆಯನ್ನು ಮನೆಯಾಗಿ ಮಾರ್ಪಡಿಸುವ ಮಾಲಿಕನಿಗೆ 1975ರಿಂದ ನಗರ ತೆರಿಗೆಯ ರಿಯಾಯಿತಿಯನ್ನೂ ಕೊಟ್ಟಿತು. ಸಾರ್ವಜನಿಕರ ಬೊಕ್ಕಸದಿಂದ ಬಿಟ್ಟ ಹಣ ಖಾಸಗಿ ಬಾಡಿಗೆಯಾಗಿ ಹಿಂತಿರುಗಿತು. ಗಡುವು ಮುಗಿದೊಡನೆ ಮಾಲಿಕರು ಹಳಬರನ್ನು ಹೊರಡಿ ಎಂದರು. ಕೊಳಾಯಿ ಹಾಕಿಸಿದವನು ಹೊರಗೆ, ಆ ಕೊಳಾಯಿಗೆ ಹೆಚ್ಚು ಬಾಡಿಗೆ ಕೊಡುವವನು ಒಳಗೆ!

ಬಾಡಿಗೆದಾರರು ಮತ್ತೆ ಕೂಡಿದರು. ರಾಜ್ಯದ ಶಾಸನಸಭೆ 1982ರಲ್ಲಿ ಲಾಫ್ಟ್ ಕಾಯಿದೆ ಮಾಡಿತು. ಅದರ ಸಾರ ಇಷ್ಟು: ವಾಸದ ಪರವಾನಗಿ ಇಲ್ಲದ ಕಟ್ಟಡದಲ್ಲಿ 1980ರ ಏಪ್ರಿಲ್ 1ರಿಂದ 1981ರ ಡಿಸೆಂಬರ್ 1ರವರೆಗೆ ಮೂರು ಅಥವಾ ಹೆಚ್ಚು ಸಂಸಾರಗಳು ಬಿಡದೆ ವಾಸವಾಗಿದ್ದರೆ ಅವರನ್ನು ಮನಬಂದಂತೆ ಎಬ್ಬಿಸಕೂಡದು, ಮಾಲಿಕ ಆ ಕಟ್ಟಡವನ್ನು ವಾಸಕ್ಕೆ ಯೋಗ್ಯವಾಗುವಂತೆ ಸರಿಪಡಿಸಬೇಕು, ಬಾಡಿಗೆ ಹತೋಟಿಗೆ ಒಳಪಡಬೇಕು. ಇದನ್ನು ನಡೆಸಲು ಲಾಫ್ಟ್ ಮಂಡಳಿ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. 2010ರಲ್ಲೂ 2019ರಲ್ಲೂ ಕಾಯಿದೆ ತಿದ್ದಿ, ನಗರದ ಬೇರೆ ಭಾಗಗಳ ಹೊಸ ಬಾಡಿಗೆದಾರರನ್ನೂ ಒಳಗೆ ತಂದರು. ದೋಷಗಳಿವೆ; ಕೆಲವು ಕಟ್ಟಡಗಳ ದುರಸ್ತಿ ದಶಕಗಳು ಕಳೆದರೂ ಮುಗಿಯಲಿಲ್ಲ. ಆದರೂ ಇದು ದೊಡ್ಡ ಗೆಲವು.

ಆದರೆ ಮಿತ್ರರೆ, ಈ ಕಾಯಿದೆಯನ್ನು ಇನ್ನೊಮ್ಮೆ ಓದಿ. ರಕ್ಷಣೆ ಸಿಕ್ಕಿದ್ದು ಅಲ್ಲಿ ಮಲಗುತ್ತಿದ್ದವರಿಗೆ. ಅಲ್ಲಿ ದುಡಿಯುತ್ತಿದ್ದವರಿಗೆ ಏನು ಸಿಕ್ಕಿತು? 1963ರ ವರದಿಯಲ್ಲಿ ಕಂಡ ಆ ಕರಿಯ ಕೆಲಸಗಾರ, ಆ ಪೋರ್ಟೊರಿಕೋದ ಹೆಂಗಸು, ಅವರಿಗೆ ಅಲ್ಲಿ ಹಾಸಿಗೆ ಇರಲಿಲ್ಲ. ಮೇಜೊಂದು ಇತ್ತು, ವಾರದ ಕೂಲಿ ಇತ್ತು. ಮೇಜಿನ ಮೇಲೆ ಹಕ್ಕು ಹೇಳುವ ಕಾಯಿದೆ ಯಾವುದೂ ಬರಲಿಲ್ಲ. ಕಾರ್ಖಾನೆಗಳು ಹೇಗಿದ್ದರೂ ಹೋಗುತ್ತಿದ್ದವು ಎನ್ನುವವರಿದ್ದಾರೆ. ಅದರಲ್ಲಿ ಅರ್ಧ ನಿಜ. ಆದರೆ ಕೆಲಸ ಕೊಡುವ ಮಾಳಿಗೆಗಿಂತ ಮನೆಯಾದ ಮಾಳಿಗೆಗೆ ಹೆಚ್ಚು ಬಾಡಿಗೆ ಸಿಗುವಾಗ, ಉಳಿಯಬಹುದಾಗಿದ್ದ ಕಾರ್ಖಾನೆಗೂ ಉಳಿಗಾಲವಿಲ್ಲ. ಕಲಾವಿದರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಸಂಘದಲ್ಲಿ ಕೆಲಸಗಾರನಿಗೆ ಸ್ಥಳವಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಇಂದಿನ ಸ್ಥಿತಿ ನೋಡಿ. 2023ರಲ್ಲಿ ಮ್ಯಾನ್‌ಹಟನ್‌ನಲ್ಲಿ ಹೊಸದಾಗಿ ಹಿಡಿದ ಮನೆಗಳ ಬಾಡಿಗೆಯ ನಡುಮಟ್ಟ ತಿಂಗಳಿಗೆ 4000 ಡಾಲರನ್ನು ಮೀರಿತ್ತು. ಸಿರಿವಂತರ ಲಾಫ್ಟಿನ ಮಾತು ಅದಕ್ಕಿಂತ ಎಷ್ಟೋ ಮೇಲೆ. ಬಾಡಿಗೆದಾರನ ವರ್ಷದ ವರಮಾನ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕೆಂಬುದು ಅಲ್ಲಿನ ಮಾಲಿಕರ ರೂಢಿ. ಲೆಕ್ಕ ಹಾಕಿ: ಬಾಡಿಗೆ 10,000 ಡಾಲರಾದರೆ ವರಮಾನ 4,00,000 ಡಾಲರು. ಇಲ್ಲದಿದ್ದರೆ ಜಾಮೀನುದಾರನನ್ನು ಕರೆತರಬೇಕು. ಆ ಮಾಳಿಗೆಯಲ್ಲಿ ಹಿಂದೆ ಹೊಲಿಯುತ್ತಿದ್ದವಳ ಮೊಮ್ಮಗಳು ಈ ಲೆಕ್ಕದಲ್ಲಿ ಪಾಸಾಗುವಳೆ?

ಇದಕ್ಕೂ ಹೋರಾಟ ನಿಂತಿಲ್ಲ. 2019ರ ರಾಜ್ಯ ಕಾಯಿದೆ ಮುಂಗಡ ಠೇವಣಿಯನ್ನು ಒಂದು ತಿಂಗಳ ಬಾಡಿಗೆಗೆ ಮಿತಿಗೊಳಿಸಿತು. 2021ರ ಡಿಸೆಂಬರಿನಲ್ಲಿ ನಗರಸಭೆ ಸೋಹೋದ ನಿಯಮ ಬದಲಿಸಿ, ಹೊಸ ಕಟ್ಟಡಗಳಲ್ಲಿ ಒಂದು ಪಾಲು ಮನೆ ಕಡಮೆ ವರಮಾನದವರಿಗೆ ಇರಬೇಕೆಂದಿತು. ದಲ್ಲಾಳಿಯನ್ನು ಗೊತ್ತುಮಾಡಿದವನೇ ದಲ್ಲಾಳಿ ಹಣ ಕೊಡಬೇಕೆಂಬ ನಿಯಮ 2025ರ ಜೂನ್‌ನಿಂದ ಜಾರಿಗೆ ಬಂದಿದೆ. ಅದಕ್ಕೆ ಮುಂಚೆ ಮಾಲಿಕ ಕರೆತಂದ ದಲ್ಲಾಳಿಗೂ ಬಾಡಿಗೆದಾರನೇ ತೆರುತ್ತಿದ್ದ.

ಇದರಿಂದ ನಾವು ಕಲಿಯಬೇಕಾದುದು ಮೂರು ಮಾತು. ಮೊದಲನೆಯದು, ಸ್ಥಳದ ಬೆಲೆಯನ್ನು ಮಾಲಿಕನೊಬ್ಬನೇ ಹುಟ್ಟಿಸುವುದಿಲ್ಲ. ದುಡಿದವರು, ವಾಸಮಾಡಿದವರು, ತೆರಿಗೆ ಕೊಟ್ಟವರು ಸೇರಿ ಹುಟ್ಟಿಸುತ್ತಾರೆ. ಎರಡನೆಯದು, ಬಾಡಿಗೆದಾರನನ್ನು ಉಳಿಸಿದ್ದು ಮಾಲಿಕನ ದಯೆಯಲ್ಲ, ಸಂಘ ಮತ್ತು ಕಾಯಿದೆ. ಇಂತಿಂಥ ದಿನದಿಂದ ಇಲ್ಲೇ ಇದ್ದೆನೆಂದು ತೋರಿಸಲು ಕಾಗದ ಇದ್ದವನು ಗೆದ್ದ. ಬಾಡಿಗೆಯ ರಸೀದಿಯನ್ನು ಜೋಪಾನ ಮಾಡಿ. ಮೂರನೆಯದು, ಸಂಘ ಕಟ್ಟುವಾಗ ಯಾರು ಹೊರಗೆ ಉಳಿದರೆಂದು ಎಣಿಸಬೇಕು. ಕಾಯಿದೆ ಬರುವ ದಿನ ಹೊರಗಿದ್ದವನು ಆಮೇಲೆ ಒಳಗೆ ಬರುವುದಿಲ್ಲ.

ಹಳೆಯ ಕಟ್ಟಡಗಳನ್ನು ಕಾಪಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಸೋಹೋದಲ್ಲಿ ಕಬ್ಬಿಣದ ಕಂಬವನ್ನು ಕಾಪಾಡಲು ಒಂದು ಕಾಯಿದೆ ಬಂತು, ವಾಸವಿದ್ದವನನ್ನು ಕಾಪಾಡಲು ಇನ್ನೊಂದು ಬಂತು. ಕಂಬದ ಪಕ್ಕದಲ್ಲಿ ನಿಂತು ದುಡಿದವನಿಗಾಗಿ ಬರಬೇಕಾಗಿದ್ದ ಮೂರನೆಯ ಕಾಯಿದೆ ಬರಲಿಲ್ಲ. ಅದನ್ನು ಕೇಳುವವರು ಅಲ್ಲಿ ಸಾಕಷ್ಟು ಮಂದಿ ಇರಲಿಲ್ಲ. ಈ ಮಾತನ್ನು ನೀವು ಯೋಚಿಸಬೇಕೆಂದು ಕೇಳಿಕೊಂಡು ಮುಗಿಸುತ್ತೇನೆ.