ಇನ್ನೂ ಬೇಕೆನಿಸುವ ಕಥೆ: ಅರ್ಥ್‌ಸೀ ಮಾಲೆಯ ಮೂವತ್ತಮೂರು ವರ್ಷ



ಬಾಣಭಟ್ಟ ‘ಕಾದಂಬರಿ’ಯನ್ನು ಮುಗಿಸಲಿಲ್ಲ. ಪತ್ರಲೇಖೆ ಚಂದ್ರಾಪೀಡನ ಎದುರು ಕಾದಂಬರಿಯ ವಿರಹವನ್ನು ಬಣ್ಣಿಸುತ್ತಿರುವಾಗಲೇ ಕಥೆ ನಿಂತುಹೋಯಿತು. ಮುಂದಿನದನ್ನು ಬರೆದವನು ಅವನ ಮಗ ಭೂಷಣ. ಪುಲಿಂದ ಎಂಬ ಹೆಸರೂ ಅವನಿಗಿದೆ. ತನ್ನ ಭಾಗದ ಆರಂಭದಲ್ಲಿ ಅವನು ಒಂದು ಕಾರಣ ಕೊಡುತ್ತಾನೆ. ಕವಿತ್ವದ ಹೆಮ್ಮೆಯಿಂದ ತಾನು ಇದಕ್ಕೆ ಕೈಹಾಕಲಿಲ್ಲ, ಕಥೆ ಅರ್ಧಕ್ಕೇ ನಿಂತದ್ದರಿಂದ ಸಜ್ಜನರಿಗಾದ ದುಃಖವನ್ನು ನೋಡಲಾರದೆ ಬರೆದೆ ಎನ್ನುತ್ತಾನೆ. ಚಂದ್ರನೇ ಭೂಮಿಗಿಳಿದು ರಾಜಕುಮಾರನಾಗುವ, ಒಬ್ಬನೇ ಜನ್ಮಜನ್ಮಾಂತರಗಳಲ್ಲಿ ಗೆಳೆಯನೂ ಗಿಳಿಯೂ ಆಗುವ, ಗಂಧರ್ವರ ಊರಿನಲ್ಲಿ ಪ್ರೇಮ ಹುಟ್ಟುವ ಕಥೆ ಅದು. ಅದನ್ನು ಓದಿದವರು ಏಳನೆಯ ಶತಮಾನದಲ್ಲೇ ‘ಮುಂದೇನು?’ ಎಂದು ಕಂಗೆಟ್ಟಿದ್ದರು. ನಾಗವರ್ಮ ಕನ್ನಡಕ್ಕೆ ತಂದಾಗ ಅಪ್ಪನದನ್ನೂ ಮಗನದನ್ನೂ ಸೇರಿಸಿಯೇ ತಂದ.

ಇಂದಿನ ಉಪನ್ಯಾಸ ಆ ದುಃಖದ ಬಗ್ಗೆ. ಒಂದು ಪುಸ್ತಕಮಾಲೆ ಮುಗಿದ ಮೇಲೂ ಓದುಗನಿಗೆ ಇನ್ನೂ ಬೇಕು ಅನ್ನಿಸುವುದು ಏಕೆ? ಹಾಗೆ ಅನ್ನಿಸಿದಾಗ ಲೇಖಕ ಮುಂದಿನ ಸಂಪುಟ ಕೊಡಬೇಕೆ? ಕೊಟ್ಟರೆ ಎಂಥದ್ದನ್ನು ಕೊಡಬೇಕು? ಫ್ಯಾಂಟಸಿ ಮತ್ತು ವೈಜ್ಞಾನಿಕ ಕಾದಂಬರಿಗಳಲ್ಲಿ ಈ ಪ್ರಶ್ನೆಗಳು ಬೇರೆಲ್ಲಕ್ಕಿಂತ ತೀವ್ರವಾಗುತ್ತವೆ. ಅಲ್ಲಿ ಕಥೆಯ ಜೊತೆಗೆ ಒಂದು ಲೋಕವೂ ಸೃಷ್ಟಿಯಾಗಿರುತ್ತದೆ. ಕಥೆ ಮುಗಿದರೂ ಲೋಕ ಮುಗಿದಿರುವುದಿಲ್ಲ.

ಈ ಹಸಿವಿನಲ್ಲಿ ಎರಡು ಬಗೆ ಇದೆ ಎಂದು ನನಗೆ ತೋರುತ್ತದೆ. ಒಂದು ಮುಂದೇನಾಯಿತು ಎಂಬುದು. ಅದು ವಾರಪತ್ರಿಕೆಯ ಧಾರಾವಾಹಿಗೆ ಕಾಯುವ ಹಸಿವು. ಉತ್ತರ ಸಿಕ್ಕ ಕೂಡಲೇ ತಣಿಯುತ್ತದೆ. ಇನ್ನೊಂದು, ನಾವು ನಂಬಿದ ಆ ಲೋಕ ನಿಜಕ್ಕೂ ಹಾಗೆಯೇ ಇದೆಯೇ ಎಂಬುದು. ಮೊದಲ ಹಸಿವನ್ನು ಯಾರು ಬೇಕಾದರೂ ತಣಿಸಬಹುದು, ಮಗನೂ ಶಿಷ್ಯನೂ ತಣಿಸಬಹುದು. ಎರಡನೆಯದನ್ನು ತಣಿಸಲು ಲೇಖಕ ತನ್ನದೇ ಹಿಂದಿನ ಪುಸ್ತಕಗಳನ್ನು ಕಟಕಟೆಗೆ ತರಬೇಕಾಗುತ್ತದೆ. ಹಾಗೆ ತಂದಾಗಲೇ ಮಾಲೆಯ ಮುಂದಿನ ಪುಸ್ತಕಕ್ಕೆ ಹುಟ್ಟುವ ಹಕ್ಕು ಬರುತ್ತದೆ ಎಂಬುದು ನನ್ನ ವಾದ.

ಮೊದಲ ಬಗೆಯ ಉದಾಹರಣೆಗಳು ಬೇಕಾದಷ್ಟಿವೆ. ರಾಬರ್ಟ್ ಜೋರ್ಡಾನ್ 1990ರಲ್ಲಿ ಆರಂಭಿಸಿದ ‘ದಿ ವೀಲ್ ಆಫ್ ಟೈಮ್’ ಮಾಲೆ ಅವರು 2007ರಲ್ಲಿ ತೀರಿಕೊಂಡಾಗ ಮುಗಿದಿರಲಿಲ್ಲ. ಅವರ ಪತ್ನಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರಾಂಡನ್ ಸ್ಯಾಂಡರ್‌ಸನ್ ಎಂಬ ಯುವ ಲೇಖಕನನ್ನು ಆರಿಸಿದರು. ಜೋರ್ಡಾನ್ ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಸ್ಯಾಂಡರ್‌ಸನ್ ಮೂರು ಸಂಪುಟ ಬರೆದು 2013ರಲ್ಲಿ ಹದಿನಾಲ್ಕನೆಯದರೊಂದಿಗೆ ಮಾಲೆಯನ್ನು ದಡ ಮುಟ್ಟಿಸಿದರು. ಭೂಷಣ ಮಾಡಿದ್ದೂ ಇದೇ ಕರುಣೆಯ ಕೆಲಸ. ನಮ್ಮಲ್ಲಿ ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದ. ಆದರೆ ಗಮಕಿಗಳ ಬಾಯಲ್ಲಿ ಇಂದಿಗೂ ನಿಂತಿರುವುದು ಆ ಹತ್ತೇ ಪರ್ವಗಳು. ಕಥೆ ಪೂರ್ಣವಾಗುವುದಕ್ಕೂ ಓದುಗನ ಮನಸ್ಸು ತುಂಬುವುದಕ್ಕೂ ನೇರ ಸಂಬಂಧವಿಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಐಸಾಕ್ ಅಸಿಮೊವ್ ಅವರ ‘ಫೌಂಡೇಶನ್’ನಲ್ಲಿ ಎರಡೂ ಹಸಿವುಗಳು ಒಟ್ಟಿಗೇ ಇವೆ. 1942ರಿಂದ 1950ರವರೆಗೆ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಿಡಿಕಥೆಗಳಾಗಿ ಬಂದು, 1951ರಿಂದ 1953ರೊಳಗೆ ಮೂರು ಪುಸ್ತಕಗಳಾದ ಕೃತಿ ಅದು. ಗ್ಯಾಲಕ್ಸಿಯನ್ನೇ ಆಳುವ ಸಾಮ್ರಾಜ್ಯ ಕುಸಿಯಲಿದೆ; ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಜನಸಮೂಹದ ಭವಿಷ್ಯವನ್ನು ಲೆಕ್ಕಹಾಕಿ, ಮೂವತ್ತು ಸಾವಿರ ವರ್ಷಗಳ ಕತ್ತಲನ್ನು ಒಂದು ಸಾವಿರಕ್ಕೆ ಇಳಿಸುವ ಯೋಜನೆ ಹಾಕುತ್ತಾನೆ. ಅವನು ಸತ್ತ ಮೇಲೂ ಪ್ರತಿ ಬಿಕ್ಕಟ್ಟಿನಲ್ಲಿ ಮೊದಲೇ ದಾಖಲಿಸಿಟ್ಟ ಅವನ ರೂಪ ಕಾಣಿಸಿಕೊಂಡು, ಆಗಿದ್ದೆಲ್ಲ ಲೆಕ್ಕದ ಪ್ರಕಾರವೇ ಆಯಿತೆಂದು ಹೇಳುತ್ತದೆ. ಓದುಗನಿಗೆ ಅದರಲ್ಲಿ ಒಂದು ನೆಮ್ಮದಿ ಸಿಗುತ್ತದೆ. ಈ ನೆಮ್ಮದಿಯನ್ನು ಕೆಡಿಸಿ, ಯೋಜನೆಯನ್ನೇ ತಲೆಕೆಳಗು ಮಾಡಿ ಎಂದು ಅಸಿಮೊವ್‌ಗೆ ಒತ್ತಾಯಿಸಿದವರು ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್. ಹಾಗೆ 1945ರಲ್ಲಿ ‘ದಿ ಮ್ಯೂಲ್’ ಬಂತು. ಇತರರ ಭಾವನೆಗಳನ್ನು ತಿದ್ದಬಲ್ಲ ಒಬ್ಬನೇ ಒಬ್ಬ ವಿಲಕ್ಷಣ ಮನುಷ್ಯ ಸೆಲ್ಡನ್‌ನ ಲೆಕ್ಕದಲ್ಲಿ ಇರಲೇ ಇಲ್ಲ. ಆ ಸಲ ಸೆಲ್ಡನ್‌ನ ರೂಪ ಎದ್ದುನಿಂತು ಮಾತಾಡುತ್ತದೆ, ಆದರೆ ನಡೆಯದೇ ಇದ್ದ ಒಂದು ಅಂತರ್ಯುದ್ಧದ ಬಗ್ಗೆ. ಸಭೆ ದಿಗಿಲುಬಿದ್ದು ಕೇಳುತ್ತಿರುವಾಗ ಶತ್ರುವಿನ ಹಡಗುಗಳು ಬಾಗಿಲಿಗೆ ಬಂದಿರುತ್ತವೆ. ಇಡೀ ವೈಜ್ಞಾನಿಕ ಸಾಹಿತ್ಯದಲ್ಲಿ ನಾನು ಅತ್ಯಂತ ಮೆಚ್ಚುವ ದೃಶ್ಯಗಳಲ್ಲಿ ಅದೊಂದು. ಮಾಲೆ ತನ್ನ ಮೂಲ ನಂಬಿಕೆಯನ್ನು ತಾನೇ ಮುರಿದುಕೊಂಡ ಕ್ಷಣ ಅದು.

ಈ ಮಾಲೆಗೆ 1966ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಮಾಲೆ ಎಂಬ ಹ್ಯೂಗೊ ಪ್ರಶಸ್ತಿ ಬಂತು. ಸ್ಪರ್ಧೆಯಲ್ಲಿ ಟೋಲ್ಕೀನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೂಡ ಇತ್ತು. ಓದುಗರೂ ಪ್ರಕಾಶಕರೂ ಬೇಕು ಬೇಕು ಎನ್ನುತ್ತಲೇ ಇದ್ದರು. ಸುಮಾರು ಮೂವತ್ತು ವರ್ಷಗಳ ನಂತರ, 1982ರಲ್ಲಿ, ‘ಫೌಂಡೇಶನ್ಸ್ ಎಡ್ಜ್’ ಬಂತು. ಅದಕ್ಕೂ ಹ್ಯೂಗೊ ಸಿಕ್ಕಿತು. 1986ರಲ್ಲಿ ಇನ್ನೊಂದು ಬಂತು. ಅಲ್ಲಿಂದ ಮುಂದೆ ಹೋಗದೆ ಅಸಿಮೊವ್ ಸೆಲ್ಡನ್‌ನ ಯೌವನಕ್ಕೆ ಹಿಂದಿರುಗಿದರು. ಈ ಹೊಸ ಪುಸ್ತಕಗಳಲ್ಲಿ ಅವರು ತಮ್ಮ ರೋಬಾಟ್ ಕಥೆಗಳನ್ನೂ ಫೌಂಡೇಶನ್ನನ್ನೂ ಒಂದೇ ದಾರದಲ್ಲಿ ಪೋಣಿಸಲು ಶ್ರಮಿಸಿದರು. ಗಂಟುಗಳು ಬಿಗಿಯಾದವು, ಆದರೆ ‘ಮ್ಯೂಲ್’ ಕೊಟ್ಟ ಬೆಚ್ಚುವಿಕೆ ಮರಳಿ ಬರಲಿಲ್ಲ. ಹೊಂದಾಣಿಕೆ ತರುವುದು ಒಂದು, ಪ್ರಶ್ನಿಸುವುದು ಇನ್ನೊಂದು. ಫ್ರಾಂಕ್ ಹರ್ಬರ್ಟ್ ಮಾತ್ರ ‘ಡ್ಯೂನ್’ನ ನಂತರದ ‘ಡ್ಯೂನ್ ಮೆಸ್ಸಾಯ’ದಲ್ಲಿ, 1969ರಲ್ಲೇ, ತಮ್ಮ ನಾಯಕನನ್ನು ಪೀಠದಿಂದ ಇಳಿಸಿದರು. ಮೊದಲ ಪುಸ್ತಕದ ಗೆಲುವಿಗೆ ಕೋಟಿಗಟ್ಟಲೆ ಜನ ತೆತ್ತ ಬೆಲೆಯನ್ನು ತೋರಿಸಿದರು. ಅನೇಕ ಓದುಗರಿಗೆ ಅದು ಹಿಡಿಸಲಿಲ್ಲ. ನನಗೆ ಅದು ಮೊದಲನೆಯದಕ್ಕಿಂತ ಧೈರ್ಯದ ಪುಸ್ತಕವಾಗಿ ಕಾಣುತ್ತದೆ.

ಈಗ ನಾನು ಹೇಳಲು ಬಂದ ಮಾಲೆಗೆ ಬರುತ್ತೇನೆ. ಅರ್ಸುಲ ಲೆ ಗ್ವಿನ್ 1929ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹುಟ್ಟಿದರು. ತಂದೆ ಆಲ್‌ಫ್ರೆಡ್ ಕ್ರೋಬರ್ ಪ್ರಸಿದ್ಧ ಮಾನವಶಾಸ್ತ್ರಜ್ಞ. ತಾಯಿ ಥಿಯೊಡೊರ, ತನ್ನ ಜನಾಂಗದವರೆಲ್ಲ ಅಳಿದ ಮೇಲೆ ಒಬ್ಬನೇ ಉಳಿದ ಇಶಿ ಎಂಬ ಯಾಹಿ ಮನುಷ್ಯನ ಜೀವನವನ್ನು ಬರೆದವರು. ಅಂಥ ಮನೆಯಲ್ಲಿ ಬೆಳೆದವರಿಗೆ ಒಂದು ಲೋಕವನ್ನು ಕಟ್ಟುವುದೆಂದರೆ ರಾಜವಂಶಗಳ ಪಟ್ಟಿ ಮಾಡುವುದಲ್ಲ. ಅಲ್ಲಿಯ ಜನ ಏನು ಉಣ್ಣುತ್ತಾರೆ, ಮೇಕೆಗಳನ್ನು ಯಾರು ಕಾಯುತ್ತಾರೆ, ಸತ್ತವರ ಬಗ್ಗೆ ಏನು ನಂಬುತ್ತಾರೆ ಎಂದು ತಿಳಿಯುವುದು. 1964ರಲ್ಲಿ ಎರಡು ಸಣ್ಣಕಥೆಗಳಲ್ಲಿ ಅರ್ಥ್‌ಸೀ ದ್ವೀಪಲೋಕ ಮೊದಲು ಇಣುಕಿತು. 1967ರಲ್ಲಿ ಬರ್ಕ್ಲಿಯ ಒಬ್ಬ ಸಣ್ಣ ಪ್ರಕಾಶಕರು ಹದಿಹರೆಯದವರಿಗಾಗಿ ಒಂದು ಪುಸ್ತಕ ಕೇಳಿದರು. ಕಥೆಗಳ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರೇ, ಅವರು ಹುಡುಗರಾಗಿದ್ದಾಗ ಹೇಗಿದ್ದರು, ವಿದ್ಯೆ ಎಲ್ಲಿ ಕಲಿತರು ಎಂಬ ಯೋಚನೆ ಲೆ ಗ್ವಿನ್ ಅವರಿಗೆ ಬಂತು. ಮೊದಲು ದೊಡ್ಡ ಹಾಳೆಯಲ್ಲಿ ನಕಾಶೆ ಬರೆದರು, ಆಮೇಲೆ ಕಥೆ. 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಬಂತು. ಮಾಂತ್ರಿಕರ ಶಾಲೆಯೊಂದಿಗೆ ಹ್ಯಾರಿ ಪಾಟರ್ ಬರುವುದಕ್ಕೆ ಇನ್ನೂ 29 ವರ್ಷಗಳಿದ್ದವು.

ಗಾಂಟ್ ದ್ವೀಪದ ಮೇಕೆ ಕಾಯುವ ಹುಡುಗ ಗೆಡ್ ರೋಕ್ ಶಾಲೆಯಲ್ಲಿ, ಸಹಪಾಠಿಯ ಮೇಲಿನ ಹಗೆಗೆ, ಸತ್ತವರ ಲೋಕದಿಂದ ಒಂದು ಆತ್ಮವನ್ನು ಕರೆಯುತ್ತಾನೆ. ಅದರ ಜೊತೆ ಹೆಸರಿಲ್ಲದ ಒಂದು ನೆರಳು ಹೊರಬರುತ್ತದೆ. ಪುಸ್ತಕದುದ್ದಕ್ಕೂ ಅದು ಅವನನ್ನು ಅಟ್ಟುತ್ತದೆ, ಆಮೇಲೆ ಅವನೇ ಅದನ್ನು ಅಟ್ಟುತ್ತಾನೆ. ಕೊನೆಗೆ ಅದಕ್ಕೆ ತನ್ನದೇ ಹೆಸರಿಟ್ಟು ಕರೆದಾಗ ಇಬ್ಬರೂ ಒಂದಾಗುತ್ತಾರೆ. ಆ ಕೊನೆಯಲ್ಲಿ ಯುದ್ಧವಿಲ್ಲ, ಸಂಹಾರವಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮಂಥ ಓದುಗರು ಗಮನಿಸಲೇಬೇಕು: ಗೆಡ್‌ನ ಮೈಬಣ್ಣ ಕೆಂಪುಛಾಯೆಯ ಕಂದು. ದ್ವೀಪವಾಸಿಗಳಲ್ಲಿ ಹೆಚ್ಚಿನವರು ಕಂದು, ಕಪ್ಪು ಬಣ್ಣದವರು. ಬಿಳಿಯರಾದ ಕಾರ್ಗರು ದಾಳಿಕೋರರಾಗಿ ಬರುತ್ತಾರೆ. ಮುಖಪುಟದ ಚಿತ್ರಗಾರರು ಎಷ್ಟೋ ಸಲ ಗೆಡ್‌ನನ್ನು ಬಿಳಿಯನನ್ನಾಗಿ ಮಾಡಿದರು. 2004ರ ಟಿವಿ ರೂಪದಲ್ಲೂ ಹಾಗೇ ಆದಾಗ ಲೆ ಗ್ವಿನ್ ಬಹಿರಂಗವಾಗಿ ಪ್ರತಿಭಟಿಸಿದರು.

1971ರ ‘ದಿ ಟೂಂಬ್ಸ್ ಆಫ್ ಅಟ್ವಾನ್’ ಆ ಬಿಳಿಯರ ನಾಡಿಗೇ ಹೋಗುತ್ತದೆ. ಎಳೆ ವಯಸ್ಸಿನಲ್ಲೇ ಮನೆಯಿಂದ ಕಿತ್ತುತಂದು, ಹೆಸರನ್ನೂ ಕಸಿದುಕೊಂಡು, ನೆಲದಡಿಯ ಕತ್ತಲೆಯ ಶಕ್ತಿಗಳಿಗೆ ಅರ್ಚಕಿಯಾಗಿಸಿದ ಟೆನಾರ್ ಎಂಬ ಹುಡುಗಿಯ ಕಥೆ. ಗೆಡ್ ಅಲ್ಲಿ ಕಳ್ಳನಂತೆ ಬಂದು ಸಿಕ್ಕಿಬೀಳುತ್ತಾನೆ; ಇಬ್ಬರೂ ಒಬ್ಬರನ್ನೊಬ್ಬರು ಬಿಡಿಸುತ್ತಾರೆ. 1972ರ ‘ದಿ ಫಾರ್ದೆಸ್ಟ್ ಶೋರ್’ನಲ್ಲಿ ಮಂತ್ರಶಕ್ತಿಯೇ ಲೋಕದಿಂದ ಸೋರಿಹೋಗುತ್ತಿದೆ. ಸಾವನ್ನು ಗೆಲ್ಲಲು ಹೊರಟ ಒಬ್ಬನು ತೆರೆದ ಬಿರುಕನ್ನು ಮುಚ್ಚಲು ಗೆಡ್ ಸತ್ತವರ ಒಣನಾಡಿಗೆ ಇಳಿಯುತ್ತಾನೆ, ತನ್ನೆಲ್ಲ ಶಕ್ತಿಯನ್ನು ಅಲ್ಲೇ ವ್ಯಯಿಸಿ ಬರುತ್ತಾನೆ. ಆ ಪುಸ್ತಕಕ್ಕೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಹುಟ್ಟು, ಬೆಳವಣಿಗೆ, ಸಾವು ಎಲ್ಲ ಆದಂತಾಯಿತು. ಬಹಳ ಓದುಗರ ಪಾಲಿಗೆ ಅಲ್ಲಿಗೆ ಅರ್ಥ್‌ಸೀ ಸಂಪೂರ್ಣ.

ಲೇಖಕಿಗೆ ಮಾತ್ರ ಹಾಗನ್ನಿಸಲಿಲ್ಲ. ನಾಲ್ಕನೆಯದನ್ನು ಬೇಗನೆ ಶುರುಮಾಡಿ, ಟೆನಾರ್ ಯಾರೆಂದು ತಿಳಿಯದೆ ನಿಲ್ಲಿಸಿದರು. ‘ಟೆಹಾನು’ ಬಂದದ್ದು 1990ರಲ್ಲಿ, ಹದಿನೆಂಟು ವರ್ಷಗಳ ನಂತರ. ಆ ಅವಧಿಯಲ್ಲಿ ಅಮೆರಿಕದ ಸ್ತ್ರೀವಾದಿ ಚಳವಳಿ ಅವರ ಕಣ್ಣನ್ನು ಬದಲಿಸಿತ್ತು. ತಾವೇ ಕಟ್ಟಿದ ಲೋಕವನ್ನು ಅವರು ಮತ್ತೆ ನೋಡಿದರು. ರೋಕ್ ಶಾಲೆಗೆ ಗಂಡಸರಿಗೆ ಮಾತ್ರ ಪ್ರವೇಶ. ಹೆಂಗಸರ ಮಾಟ ನಿತ್ರಾಣ, ನೀಚ ಎಂಬ ಗಾದೆಗಳು ಮೊದಲ ಪುಸ್ತಕದಲ್ಲೇ ಇವೆ, ಯಾರೂ ಅವಕ್ಕೆ ಎದುರಾಡುವುದಿಲ್ಲ. ದೊಡ್ಡ ಮಾಂತ್ರಿಕರೆಲ್ಲ ಬ್ರಹ್ಮಚಾರಿಗಳು, ಯಾಕೆಂದು ಯಾರೂ ಕೇಳುವುದಿಲ್ಲ.

‘ಟೆಹಾನು’ ಕೇಳುತ್ತದೆ. ಟೆನಾರ್ ಈಗ ನಡುವಯಸ್ಸಿನ ವಿಧವೆ, ಮಕ್ಕಳು ದೊಡ್ಡವರಾಗಿದ್ದಾರೆ, ಹೊಲಮನೆ ನೋಡಿಕೊಂಡಿದ್ದಾಳೆ. ಹೆತ್ತವರೇ ಹಿಂಸಿಸಿ ಬೆಂಕಿಗೆ ನೂಕಿದ, ಮುಖದ ಒಂದು ಬದಿ ಸುಟ್ಟ ಥೆರು ಎಂಬ ಮಗುವನ್ನು ಅವಳು ಸಾಕುತ್ತಾಳೆ. ಡ್ರ್ಯಾಗನ್ನಿನ ಬೆನ್ನ ಮೇಲೆ ಬಂದಿಳಿಯುವ ಗೆಡ್ ಶಕ್ತಿಯೆಲ್ಲ ಹೋದ ಒಬ್ಬ ಸಾಮಾನ್ಯ ಗಂಡಸು. ಪಾತ್ರೆ ತೊಳೆಯುವುದನ್ನು, ಮತ್ತೆ ಮೇಕೆ ಕಾಯುವುದನ್ನು, ಪ್ರೀತಿಸುವುದನ್ನು ಅವನು ಈಗ ಕಲಿಯಬೇಕು. ಸಾಹಸದ ಹಸಿವಿನಿಂದ ಬಂದ ಓದುಗರಿಗೆ ಈ ಪುಸ್ತಕದಲ್ಲಿ ಅಡುಗೆಮನೆ, ಕೊಟ್ಟಿಗೆ, ಭಯದ ರಾತ್ರಿಗಳು ಸಿಕ್ಕವು. ನೆಚ್ಚಿನ ನಾಯಕನನ್ನು ಅವಮಾನಿಸಿದರೆಂದು ಕೆಲವರು ಮುನಿದರು, ಕಥೆಗೆ ರಾಜಕೀಯ ತುರುಕಿದರೆಂದರು. ನೆಬ್ಯುಲ ಪ್ರಶಸ್ತಿಯೂ ಬಂತು. ಮಾಂತ್ರಿಕತೆಯ ಕೊನೆಯೇ ಬದುಕಿನ ಕೊನೆಯಲ್ಲ ಎಂದು ತೋರಿಸಲು ಆ ಅಡುಗೆಮನೆಯೇ ಬೇಕಿತ್ತು ಎಂದು ನಾನು ಬಲವಾಗಿ ನಂಬಿದ್ದೇನೆ. ಒಬ್ಬ ಲೇಖಕಿ ತನ್ನ ಅತಿ ಜನಪ್ರಿಯ ಕೃತಿಯನ್ನು ಹೀಗೆ ಎದುರು ಹಾಕಿಕೊಂಡ ಉದಾಹರಣೆ ನನಗೆ ತಿಳಿದಂತೆ ಬಹಳ ವಿರಳ.

‘ಟೆಹಾನು’ವನ್ನು ಅರ್ಥ್‌ಸೀಯ ಕೊನೆಯ ಪುಸ್ತಕ ಎಂದೇ ಅವರು ಕರೆದಿದ್ದರು. ಆದರೆ 2001ರಲ್ಲಿ ಮತ್ತೆರಡು ಬಂದವು. ‘ಟೇಲ್ಸ್ ಫ್ರಮ್ ಅರ್ಥ್‌ಸೀ’ಯ ಒಂದು ನೀಳ್ಗತೆಯಲ್ಲಿ, ಹೆಂಗಸರನ್ನು ಹೊರಗಿಟ್ಟ ರೋಕ್ ಶಾಲೆಯನ್ನು ಕಟ್ಟುವಲ್ಲಿ ಹೆಂಗಸರೇ ಮುಂದಿದ್ದರು ಎಂದು ತಿಳಿಯುತ್ತದೆ. ಲೋಕದ ಇತಿಹಾಸ ಬದಲಾಗಲಿಲ್ಲ, ಮುಚ್ಚಿಟ್ಟದ್ದು ಹೊರಬಂತು.

‘ದಿ ಅದರ್ ವಿಂಡ್’ ಇನ್ನೂ ಆಳಕ್ಕೆ ಹೋಗುತ್ತದೆ. 1972ರ ಪುಸ್ತಕದಲ್ಲಿ ಸತ್ತವರ ನಾಡು ಹೇಗಿತ್ತು ನೆನಪಿಸಿಕೊಳ್ಳಿ: ಒಂದು ತಗ್ಗು ಕಲ್ಲುಗೋಡೆ, ಆಚೆ ನೀರಿಲ್ಲ, ಗಾಳಿಯಿಲ್ಲ, ಪ್ರೀತಿಸಿ ಸತ್ತವರು ಬೀದಿಯಲ್ಲಿ ಎದುರಾದರೂ ಗುರುತು ಹಿಡಿಯದೆ ಸಾಗುತ್ತಾರೆ. ಓದುಗರಾದ ನಾವು ಅದನ್ನು ಸಾವಿನ ಸತ್ಯವೆಂದೇ ಒಪ್ಪಿದ್ದೆವು. ಇಪ್ಪತ್ತೊಂಬತ್ತು ವರ್ಷಗಳ ನಂತರ, ಒಡೆದ ಮಡಕೆಗಳನ್ನು ಕೂಡಿಸುವ ಆಲ್ಡರ್ ಎಂಬ ಸಣ್ಣ ಮಾಟಗಾರ ಬರುತ್ತಾನೆ. ಪ್ರತಿ ರಾತ್ರಿ ಕನಸಿನಲ್ಲಿ ಅವನ ಸತ್ತ ಹೆಂಡತಿ ಆ ಗೋಡೆಯಾಚೆಯಿಂದ ಕೈಚಾಚುತ್ತಾಳೆ. ಅವಳ ಹಿಂದೆ ಸತ್ತವರೆಲ್ಲ ಬಿಡಿಸು ಎಂದು ಬೇಡುತ್ತಾರೆ. ಆಗ ಒಂದೊಂದಾಗಿ ಗೊತ್ತಾಗುತ್ತದೆ: ಮನುಷ್ಯರೂ ಡ್ರ್ಯಾಗನ್‌ಗಳೂ ಒಮ್ಮೆ ಒಂದೇ ಕುಲ; ಒಬ್ಬರು ಒಡೆತನ ಆರಿಸಿಕೊಂಡರು, ಇನ್ನೊಬ್ಬರು ಸ್ವಾತಂತ್ರ್ಯ. ಹೀಗೆ ಆಗಿದ್ದ ಒಪ್ಪಂದವನ್ನು ಮುರಿದು, ಅಮರರಾಗುವ ಆಸೆಯಿಂದ ಹಿಂದಿನ ಮಾಂತ್ರಿಕರು ಡ್ರ್ಯಾಗನ್‌ಗಳ ನಾಡಿನ ಒಂದು ಭಾಗ ಕದ್ದು ಗೋಡೆ ಹಾಕಿದರು. ಅದೇ ಈ ಒಣನಾಡು. ನಾವು ಪ್ರಕೃತಿಯೆಂದು ನಂಬಿದ್ದು ಒಂದು ಕಳ್ಳತನದ ಫಲ. ಗೋಡೆ ಬೀಳುತ್ತದೆ, ಸತ್ತವರು ಬಿಡುಗಡೆಯಾಗುತ್ತಾರೆ.

ಈ ತಿರುವನ್ನು ಲೇಖಕಿ 1968ರಲ್ಲೇ ಯೋಚಿಸಿ ಅಡಗಿಸಿಟ್ಟಿರಲಿಲ್ಲ. ಆ ಒಣನಾಡು ಅಷ್ಟು ಕ್ರೂರವಾಗಿ ಏಕಿರಬೇಕು ಎಂಬ ಅಸಮಾಧಾನ ಅವರೊಳಗೆ ವರ್ಷಗಟ್ಟಲೆ ಬೆಳೆದು ಹುಟ್ಟಿದ ಉತ್ತರ ಇದು ಎಂದು ನಾನು ಓದಿಕೊಳ್ಳುತ್ತೇನೆ. ನಮ್ಮೊಳಗೂ ಅದೇ ಅಸಮಾಧಾನ ಇತ್ತು, ಅದಕ್ಕೆ ಹೆಸರು ಗೊತ್ತಿರಲಿಲ್ಲ ಅಷ್ಟೆ. ಇನ್ನೂ ಬೇಕು ಎಂದು ನಾವು ಅಂದದ್ದು ಆ ಅಸಮಾಧಾನದಿಂದ. ಲೆ ಗ್ವಿನ್ 2018ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ತೀರಿಕೊಂಡರು. ಗೆಡ್‌ನ ಕೊನೆಗಾಲವನ್ನು ಹೇಳುವ ಪುಟ್ಟ ಕಥೆ ‘ಫೈರ್‌ಲೈಟ್’ ಆಮೇಲೆ ‘ಪ್ಯಾರಿಸ್ ರಿವ್ಯೂ’ದಲ್ಲಿ ಅಚ್ಚಾಯಿತು. ಗೋಡೆ ಬಿದ್ದ ಮೇಲಿನ ಸಾವು ಹೇಗಿರುತ್ತದೆ ಎಂದು ನೋಡಬೇಕಾದವರು ಅದನ್ನು ಕೊನೆಗೆ ಓದಬೇಕು, ಮೊದಲಲ್ಲ.

ಸಭೆಯಲ್ಲಿ ಪ್ರಕಾಶಕರೂ ಅನುವಾದಕರೂ ಇದ್ದೀರಿ. ಈ ಮಾಲೆಯನ್ನು ಕನ್ನಡದಲ್ಲಿ ಕೈಗೆತ್ತಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟು: ಮೂರಕ್ಕೆ ನಿಲ್ಲಿಸಬೇಡಿ. ಮೊದಲ ಮೂರನ್ನು ಮಕ್ಕಳ ಪುಸ್ತಕಗಳೆಂದು ತಂದು, ‘ಟೆಹಾನು’ ದೊಡ್ಡವರದ್ದೆಂದು ಬಿಡುವುದು ಸುಲಭ, ಮಾರುಕಟ್ಟೆಗೂ ಅದೇ ಅನುಕೂಲ. ಹಾಗಾದರೆ ಗಾದೆ ಮಾತ್ರ ಕನ್ನಡಕ್ಕೆ ಬರುತ್ತದೆ, ಆ ಗಾದೆಗೆ ಬಂದ ಜವಾಬು ಬರುವುದಿಲ್ಲ. ಆರನ್ನೂ ತನ್ನಿ, ಬರೆದ ಕ್ರಮದಲ್ಲೇ ತನ್ನಿ, ನಕಾಶೆಯನ್ನು ಮೊದಲ ಪುಟದಲ್ಲೇ ಹಾಕಿ, ಮುಖಪುಟದಲ್ಲಿ ಗೆಡ್‌ನ ಬಣ್ಣವನ್ನು ಅವನು ಇರುವಂತೆಯೇ ಬಿಡಿ.