ಮುಖದ ಗುರುತು

ಸಂಜೆ ದೀಪ ಹಚ್ಚುವ ಹೊತ್ತು. ಬೀದಿಯ ತುದಿಯಲ್ಲಿ ಯಾರೋ ಬರುತ್ತಿದ್ದಾರೆ. ಮುಖ ಇನ್ನೂ ಸ್ಪಷ್ಟವಾಗಿಲ್ಲ. ಆದರೂ ಜಗಲಿಯ ಮೇಲೆ ಕುಳಿತ ಅಜ್ಜಿ, "ಅಳಿಯಂದಿರು ಬಂದರು, ಕಾಫಿಗೆ ನೀರಿಡಿ" ಎಂದು ಒಳಕ್ಕೆ ಕೂಗಿ ಹೇಳುತ್ತಾರೆ. ಅವರ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿರಬಹುದು. ಅಳಿಯನ ನಡಿಗೆ, ಕೊಡೆ ಹಿಡಿಯುವ ರೀತಿ, ತಲೆ ವಾಲಿಸುವ ಬಗೆ, ಇಷ್ಟೇ ಅವರಿಗೆ ಸಾಕು. ಅದೇ ಅಜ್ಜಿ ಹಿಂದಿನ ವಾರ ಬಂದಿದ್ದ ಬಳೆಗಾರನನ್ನು ಹಗಲು ಬೆಳಕಿನಲ್ಲಿ ಎದುರಿಗೇ ಕಂಡು, "ನೀನು ಯಾರಪ್ಪ?" ಎಂದು ಕೇಳಬಹುದು. ನಾವು ಇದನ್ನು ಮುಪ್ಪಿನ ಮರೆವೆಂದು ನಗುತ್ತೇವೆ. ಆದರೆ ಹರೆಯದ ಕಣ್ಣುಗಳ ಪಾಡೂ ಹೆಚ್ಚುಕಡಮೆ ಇದೇ. ಅದು ಹೇಗೆಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವುದು ವಾಡಿಕೆ. ಹೋಲಿಕೆ ಅರ್ಧ ಮಾತ್ರ ನಿಜ. ಹತ್ತು ಗಜ ದೂರದಲ್ಲಿದ್ದ ಮನುಷ್ಯ ಇಪ್ಪತ್ತು ಗಜಕ್ಕೆ ಸರಿದರೆ, ನಮ್ಮ ಕಣ್ಣಿನೊಳಗೆ ಬೀಳುವ ಅವನ ಬಿಂಬದ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಆದರೆ ಅವನು ಕುಳ್ಳನಾದನೆಂದು ಯಾರೂ ಹೇಳುವುದಿಲ್ಲ. ನಡುಹಗಲಿನ ಬಿಸಿಲಿನಲ್ಲಿ ಬಿದ್ದಿರುವ ಇದ್ದಿಲಿನ ಚೂರು, ರಾತ್ರಿ ದೀಪದ ಬಳಿ ನಾವು ಓದುವ ಬಿಳಿಯ ಕಾಗದಕ್ಕಿಂತ ಹೆಚ್ಚು ಬೆಳಕನ್ನು ಕಣ್ಣಿಗೆ ಕಳಿಸುತ್ತದೆ. ಆದರೂ ಇದ್ದಿಲು ಕಪ್ಪು, ಕಾಗದ ಬಿಳುಪು. ಮಿದುಳು ತನಗೆ ಬಂದ ಬೆಳಕನ್ನಷ್ಟೇ ಅಳೆಯದೆ, ಸುತ್ತಲಿನ ವಸ್ತುಗಳೊಡನೆ ಹೋಲಿಸಿ, ದೂರವನ್ನೂ ನೆರಳನ್ನೂ ಲೆಕ್ಕಕ್ಕೆ ಹಿಡಿದು, ಆಮೇಲೆ ತೀರ್ಮಾನಕ್ಕೆ ಬರುತ್ತದೆ. ಇಷ್ಟೆಲ್ಲ ಕೆಲಸ ರೆಪ್ಪೆ ಬಡಿಯುವಷ್ಟರಲ್ಲಿ, ನಮಗೆ ಅರಿವಿಲ್ಲದೆ ನಡೆದುಹೋಗುತ್ತದೆ.

ಮುಖದ ವಿಷಯ ಇನ್ನೂ ಸೂಕ್ಷ್ಮ. ಎಲ್ಲರಿಗೂ ಇರುವುದು ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಭೇದವಿರುವುದು ಬಹುಮಟ್ಟಿಗೆ ಅವುಗಳ ಅಳತೆಯಲ್ಲಿ, ಅಂತರದಲ್ಲಿ, ಒಟ್ಟು ಜೋಡಣೆಯಲ್ಲಿ. ಮನೆಯಲ್ಲಿರುವ ಮದುವೆಯ ಗ್ರೂಪ್ ಫೋಟೋ ಒಂದನ್ನು ತಲೆಕೆಳಗಾಗಿ ಹಿಡಿದು ನೋಡಿ. ಕುರ್ಚಿ ಕುರ್ಚಿಯಾಗಿಯೇ ಕಾಣುತ್ತದೆ. ನೆಂಟರ ಮುಖಗಳು ಮಾತ್ರ ಯಾರವೋ ಆಗಿಬಿಡುತ್ತವೆ. 1969ರಲ್ಲಿ ರಾಬರ್ಟ್ ಯಿನ್ ಎಂಬ ವಿಜ್ಞಾನಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಚಿತ್ರ ತಲೆಕೆಳಗಾದರೆ ಮನೆ, ವಿಮಾನಗಳನ್ನು ಗುರುತಿಸುವುದೂ ಕಷ್ಟವೇ. ಆದರೆ ಮುಖಗಳ ವಿಷಯದಲ್ಲಿ ಆ ಕಷ್ಟ ಬಹಳ ಹೆಚ್ಚು. ಹಳೆಯ ಫೋಟೋದ ನೆಗೆಟಿವ್ ಇದ್ದರೆ ಅದನ್ನೂ ಬೆಳಕಿಗೆ ಹಿಡಿಯಿರಿ. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೆಳಕಿದ್ದಲ್ಲಿ ಕತ್ತಲೆ, ಕತ್ತಲೆಯಿದ್ದಲ್ಲಿ ಬೆಳಕು, ಅಷ್ಟೆ. ಅಷ್ಟಕ್ಕೇ ಹತ್ತಿರದವರ ಮುಖವೂ ಗುರುತಿಗೆ ಸಿಗದೆ ಹೋಗುತ್ತದೆ.

ಹಾಗಾದರೆ ಮಬ್ಬುಗತ್ತಲೆಯಲ್ಲಿ ಅಜ್ಜಿ ಗೆದ್ದದ್ದು ಹೇಗೆ? ಅಳಿಯನನ್ನು ಅವರು ಸಾವಿರ ಸಲ ನೋಡಿದ್ದಾರೆ. ನಗುವಾಗ, ಸಿಟ್ಟಾದಾಗ, ಜ್ವರದಲ್ಲಿ ಮಲಗಿದ್ದಾಗ, ಗಡ್ಡ ಬಿಟ್ಟಾಗ, ಬಿಸಿಲಿನಲ್ಲಿ, ಲಾಟೀನಿನ ಬೆಳಕಿನಲ್ಲಿ. ಒಂದು ಮುಖ ಎಷ್ಟು ಬಗೆಯಾಗಿ ಬದಲಾಗಬಲ್ಲದೆಂಬುದು ಅವರಿಗೆ ತಿಳಿದಿದೆ. ಬಳೆಗಾರನದಾದರೋ ಒಂದೇ ಸಲ ಕಂಡ ಮುಖ.

ಈ ಭೇದವನ್ನು ಎತ್ತಿ ತೋರಿಸುವ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ನೆದರ್ಲೆಂಡ್ಸಿನ ಇಬ್ಬರು ಪ್ರಸಿದ್ಧ ಮಹಿಳೆಯರ ತಲಾ 20, ಒಟ್ಟು 40 ಫೋಟೋಗಳನ್ನು ಬೆರೆಸಿ, ಅವರನ್ನು ಅರಿಯದ ಬ್ರಿಟನ್ನಿನ ಜನರ ಕೈಗೆ ಕೊಟ್ಟು, ಒಬ್ಬೊಬ್ಬರ ಚಿತ್ರಗಳನ್ನು ಒಂದೊಂದು ಕಟ್ಟು ಮಾಡಿರೆಂದು ಹೇಳಿದರು. ಅವರು ಸರಾಸರಿ ಏಳೆಂಟು ಕಟ್ಟುಗಳನ್ನು ಮಾಡಿದರು. ಇದ್ದ ಇಬ್ಬರು ಅವರ ಕಣ್ಣಿಗೆ ಏಳೆಂಟು ಜನರಾದರು! ಆ ಮಹಿಳೆಯರನ್ನು ಬಲ್ಲ ಡಚ್ಚರಿಗೆ ಅದೇ ಚಿತ್ರಗಳನ್ನು ಎರಡು ಕಟ್ಟು ಮಾಡುವುದು ಸುಲಭವಾಯಿತು.

ಇದು ಬರಿಯ ಕುತೂಹಲದ ಮಾತಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮನುಷ್ಯರ ಬಾಳು ಇದರ ಮೇಲೆ ನಿಂತಿರುವುದುಂಟು. ಲಂಡನ್ ನಗರದಲ್ಲಿ ಅಡಾಲ್ಫ್ ಬೆಕ್ ಎಂಬ ನಾರ್ವೆಯವನಿದ್ದ. 1895ರ ಡಿಸೆಂಬರಿನಲ್ಲಿ ಬೀದಿಯಲ್ಲಿ ಹೋಗುತ್ತಿದ್ದಾಗ ಒಬ್ಬ ಹೆಂಗಸು ಅವನನ್ನು ತಡೆದು, ತನ್ನ ಒಡವೆಗಳನ್ನು ವಂಚಿಸಿ ಒಯ್ದವನು ಇವನೇ ಎಂದಳು. ಅದೇ ರೀತಿ ಮೋಸಹೋಗಿದ್ದ ಇನ್ನೂ ಹಲವು ಹೆಂಗಸರು ಬಂದು, ಇವನೇ ಎಂದು ಬೆರಳು ಮಾಡಿದರು. ಏಳು ವರ್ಷ ಕಠಿಣ ಶಿಕ್ಷೆಯಾಯಿತು. 1901ರಲ್ಲಿ ಬಿಡುಗಡೆಯಾಗಿ ಬಂದವನ ಮೇಲೆ 1904ರಲ್ಲಿ ಮತ್ತೆ ಅದೇ ಆರೋಪ. ಮತ್ತೆ ಅದೇ ಬಗೆಯ ಸಾಕ್ಷ್ಯ. ಮತ್ತೆ ಅಪರಾಧಿಯೆಂಬ ತೀರ್ಮಾನ. ಶಿಕ್ಷೆ ಇನ್ನೂ ವಿಧಿಸದೆ ಇದ್ದಾಗ, ಅದೇ ವಂಚನೆಯನ್ನು ಮಾಡುತ್ತಿದ್ದ ಬೇರೊಬ್ಬ ಸಿಕ್ಕಿಬಿದ್ದ. ಬೆಕ್ ನಿರಪರಾಧಿಯೆಂದು ಸಿದ್ಧವಾಯಿತು. ಅವನಿಗೆ 5000 ಪೌಂಡು ಪರಿಹಾರ ಕೊಟ್ಟರು. ಕ್ರಿಮಿನಲ್ ಮೊಕದ್ದಮೆಗಳ ಮೇಲ್ಮನವಿ ಕೇಳುವ ನ್ಯಾಯಾಲಯವೊಂದು 1907ರಲ್ಲಿ ಇಂಗ್ಲೆಂಡಿನಲ್ಲಿ ಏರ್ಪಡುವುದಕ್ಕೆ ಈ ಪ್ರಕರಣವೂ ಒಂದು ಕಾರಣ. ಆದರೆ ಸೆರೆಮನೆಯಲ್ಲಿ ಕಳೆದ ವರ್ಷಗಳನ್ನು ಯಾರು ತಂದುಕೊಟ್ಟಾರು?

ಆ ಹೆಂಗಸರು ಸುಳ್ಳು ಹೇಳಲು ಬಂದವರಲ್ಲ ಎಂಬುದನ್ನು ಮರೆಯಬಾರದು. ತಮಗೆ ಕಂಡದ್ದನ್ನು ಹೇಳಿದರು. ಒಂದೆರಡು ಸಲದ ಭೇಟಿಯ ನೆನಪಿಗೆ, ಮನೆಯವರನ್ನು ಗುರುತಿಸುವಾಗ ಇರುವಷ್ಟೇ ಧೈರ್ಯವನ್ನು ಬೆರೆಸಿದರು. ತಪ್ಪಾದದ್ದು ಅಲ್ಲಿ. ನಮ್ಮ ದೇಶದಲ್ಲಿಯೂ ಗುರುತಿನ ಪೆರೇಡು ನಡೆಸುವಾಗ, ಸಂಶಯಕ್ಕೆ ಒಳಗಾದವನನ್ನು ಅವನನ್ನು ಹೋಲುವ ಇತರರ ನಡುವೆ ನಿಲ್ಲಿಸಬೇಕೆಂಬ ಎಚ್ಚರಿಕೆ ಇರುವುದು ಇಂಥ ತಪ್ಪಿಗೆ ಹೆದರಿಯೇ.

ಆದ್ದರಿಂದ, ಸಂತೆಯಲ್ಲಿ ಜೇಬು ಕತ್ತರಿಸಿದವನೆಂದು ಜನ ಯಾರನ್ನೋ ಹಿಡಿದು ನಿಲ್ಲಿಸಿ, "ಇವನೇ ಅಲ್ಲವೆ?" ಎಂದು ನಿಮ್ಮನ್ನು ಕೇಳಿದರೆ, ಒಂದು ಗಳಿಗೆ ತಡೆಯಿರಿ. ಎಷ್ಟು ದೂರದಿಂದ ಕಂಡೆ, ಯಾವ ಬೆಳಕಿನಲ್ಲಿ ಕಂಡೆ, ಎಷ್ಟು ಹೊತ್ತು ಕಂಡೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅನುಮಾನವಿದ್ದರೆ "ಸರಿಯಾಗಿ ಹೇಳಲಾರೆ" ಎನ್ನುವುದಕ್ಕೆ ನಾಚಬೇಕಾಗಿಲ್ಲ. ಅದೂ ಸತ್ಯವಾದ ಸಾಕ್ಷ್ಯವೇ.