ವಿಮಾನ ಮಾರ್ಗದ ಲೆಕ್ಕ



ದಂಡೋತಿ, ಸೇಡಂ, ಚಿತ್ತಾಪುರದ ಕಡೆಯವರಿಗೆ ಹತ್ತಿರದ ವಿಮಾನ ನಿಲ್ದಾಣ ಕಲಬುರಗಿಯ ಶ್ರೀನಿವಾಸ ಸರಡಗಿ ಬಳಿಯದು. ಅದು ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ನಿಲ್ದಾಣ ಬಂತೆಂದರೆ ವಿಮಾನಗಳೂ ಉಳಿಯುತ್ತವೆಯೇ?

50 ಆಸನಗಳ ವಿಮಾನದಲ್ಲಿ 20 ಜನರೇ ಹೊರಟರೆನ್ನಿ. ಇಂಧನದ ಖರ್ಚು, ಚಾಲಕರ ಸಂಬಳ ಹೆಚ್ಚೇನೂ ಇಳಿಯುವುದಿಲ್ಲ. ತಲಾ ವೆಚ್ಚ ಮಾತ್ರ ಎರಡೂವರೆ ಪಟ್ಟಾಗುತ್ತದೆ.

ಈ ಕೊರತೆ ತುಂಬಲೆಂದೇ 2016ರಲ್ಲಿ 'ಉಡಾನ್' ಯೋಜನೆ ಬಂತು. ಸುಮಾರು ಅರ್ಧದಷ್ಟು ಆಸನಗಳಿಗೆ ದರದ ಮಿತಿ. ನಷ್ಟಕ್ಕೆ ಮೂರು ವರ್ಷ ಸರ್ಕಾರದ ನೆರವು. ಆ ಅವಧಿಯಲ್ಲಿ ಮಾರ್ಗವು ಸಾಮಾನ್ಯವಾಗಿ ಆಯ್ಕೆಯಾದ ಸಂಸ್ಥೆಗೇ ಮೀಸಲು. ನೆರವು ಮುಗಿದ ಮೇಲೆ ಪ್ರಯಾಣಿಕರೇ ಆಧಾರ.

ನೆರೆಯ ಬೀದರವನ್ನೇ ನೋಡಿ. 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಹಾರಿತು. ಅದು ನಿಂತ ಮೇಲೆ, 2022ರ ಜೂನ್‌ನಲ್ಲಿ ಸ್ಟಾರ್ ಏರ್ ಬಂತು. ನಡುವಿನ ದಿನಗಳಲ್ಲಿ ನಿಲ್ದಾಣವಿತ್ತು, ವಿಮಾನವಿರಲಿಲ್ಲ.

ಪೈಪೋಟಿ ವಿಮಾನ ಸಂಸ್ಥೆಗಳ ನಡುವೆ ಮಾತ್ರವಲ್ಲ. 2024ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ರೈಲು ಹೊರಟಿತು. ರಾತ್ರಿ ರೈಲುಗಳಂತೂ ಮೊದಲಿನಿಂದಲೂ ಇವೆ.

ಆದರೂ ತುರ್ತು ಚಿಕಿತ್ಸೆಗೆ ಹೊರಟ ರೋಗಿಗೆ ಒಂದೊಂದು ಗಂಟೆಯೂ ಅಮೂಲ್ಯ. ಹಾಗಾದರೆ ಖಾಲಿ ಆಸನದ ಹೊರೆಯನ್ನು ಹೊರಬೇಕಾದವರು ಯಾರು: ಸಂಸ್ಥೆಯೇ, ಪ್ರಯಾಣಿಕನೇ, ಸರ್ಕಾರವೇ? ತರಗತಿಯಲ್ಲಿ ಚರ್ಚಿಸಿ, ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಿ.